ಒಬ್ರೇ ನಡೆಯೋ 211 ಮೈಲಿ: ಜಾನ್ ಮ್ಯೂರ್ ಟ್ರೇಲ್‌ಗೆ ಹೊರಡೋರಿಗೆ, ಭಯದ ಸಮೇತ

19 ದಿನದ ನಡಿಗೇಲಿ ನಂಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗಿದ್ದು ಸ್ಯಾನ್ ಹೋಸೆಯ ನಮ್ಮನೆ ಅಡುಗೆಮನೇಲಿ. ಹೊರಡೋಕೆ ನಾಲ್ಕು ದಿನ ಇತ್ತು, ರಾತ್ರಿ ಹನ್ನೆರಡೂವರೆ, ಗೊಜ್ಜವಲಕ್ಕಿ ತೂಕ ಮಾಡಿ ಜಿಪ್ ಕವರಿಗೆ ತುಂಬ್ತಾ ಇದ್ದೆ, ಇದ್ದಕ್ಕಿದ್ದ ಹಾಗೆ ಕೈ ನಡುಗೋಕೆ ಶುರುವಾಯ್ತು, ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ. ಕರಡಿ, ಸಿಡಿಲು, ಹೊಳೆ, ಕಾಲು ಮುರಿಯೋದು, ಯಾರೋ ಗುರುತಿಲ್ಲದ ಮನುಷ್ಯ, ಎಲ್ಲಾ ಒಟ್ಟಿಗೆ ಬಂದು ಎದುರಿಗೆ ನಿಂತ ಹಾಗೆ. ಟ್ರೇಲ್ ಮೇಲೆ ಭಯ ಆಗ್ಲಿಲ್ವಾ ಅಂದ್ರೆ ಆಯ್ತು, ಆದ್ರೆ ಅಲ್ಲಿ ಒಂದೊಂದೇ ಬಂತು, ಒಂದೊಂದಕ್ಕೂ ಏನು ಮಾಡ್ಬೇಕು ಅನ್ನೋದು ಕೈಗೆ ಗೊತ್ತಿತ್ತು. ಒಟ್ಟಾಗಿ ಬರೋ ಭಯನ ಹೀಗೆ ಬಿಡಿಸಿ ಒಂದೊಂದಾಗಿ ಮಾಡ್ಕೊಳ್ಳೋದು ಹೇಗೆ ಅಂತ ಹೇಳೋಕೇ ಇದನ್ನ ಬರೀತಿದೀನಿ, ಯಾಕಂದ್ರೆ ಬ್ಯಾಗ್ ಯಾವುದು ಟೆಂಟ್ ಯಾವುದು ಅಂತ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ, ಇದನ್ನ ನಂಗೆ ಯಾರೂ ಹೇಳಿರ್ಲಿಲ್ಲ.

ಗೊತ್ತಿಲ್ಲದೋರಿಗೆ: ಜಾನ್ ಮ್ಯೂರ್ ಟ್ರೇಲ್ (ಮ್ಯೂರ್ ಅಂದ್ರೆ ಕಾಡು ಉಳಿಸೋಕೆ ಬರೆದ ಪ್ರಕೃತಿ ಲೇಖಕ) ಅಂದ್ರೆ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಸಾಲಲ್ಲಿ ಯೊಸೆಮಿಟಿ ಕಣಿವೆಯ ಹ್ಯಾಪಿ ಐಲ್ಸ್‌ನಿಂದ ಮೌಂಟ್ ವಿಟ್ನಿ ನೆತ್ತಿವರೆಗೆ 211 ಮೈಲಿ, ಸುಮಾರು 340 ಕಿಲೋಮೀಟರ್ ಕಾಲುದಾರಿ. ನೆತ್ತಿ ತಲುಪಿದ ಮೇಲೆ ರಸ್ತೆಗೆ ಇಳಿಯೋಕೆ ಇನ್ನೊಂದು 11 ಮೈಲಿ ಇದೆ, ಅದನ್ನ ಲೆಕ್ಕದಲ್ಲಿ ಮರೀಬೇಡಿ. ವಿಟ್ನಿ 14,505 ಅಡಿ, ಅಲಾಸ್ಕ ಬಿಟ್ರೆ ಇಡೀ ಅಮೆರಿಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಟ್ರೇಲ್ ಪೂರ್ತಿ ಆಗಿದ್ದು 1938ರಲ್ಲಿ, ಆದ್ರೆ ಇಲ್ಲಿನ ಮೂಲನಿವಾಸಿ ಪಾಯೂಟ್ ಜನ ಅದಕ್ಕಿಂತ ಎಷ್ಟೋ ಮುಂಚಿನಿಂದ ಪಾಸ್ (ಬೆಟ್ಟಸಾಲು ದಾಟೋಕೆ ಶಿಖರಗಳ ನಡುವೆ ಇರೋ ತಗ್ಗು) ದಾಟಿ ವ್ಯಾಪಾರಕ್ಕೆ ಓಡಾಡ್ತಿದ್ರು, ಅವರು ಇದಕ್ಕೆ ನೂಮು ಪೋಯೋ ಅಂತಾರೆ, ಜನರ ದಾರಿ ಅಂತ ಅರ್ಥ. ನಂಗೆ ಆ ಹೆಸರೇ ಇಷ್ಟ.

ಮೊದ್ಲು ಭಯನ ಪೇಪರ್ ಮೇಲೆ ಬರೀರಿ

ಒಂದು ಹಾಳೆ ತಗೊಂಡು ಎರಡು ಕಾಲಂ ಮಾಡಿ. ಎಡಗಡೆ, ಕೆಲಸ ಮಾಡಿದ್ರೆ ಕಮ್ಮಿ ಆಗೋ ಭಯಗಳು. ಬಲಗಡೆ, ನಡೆದೇ ತೀರಬೇಕಾದ ಭಯಗಳು. ಕರಡಿ ಎಡಕ್ಕೆ ಹೋಗತ್ತೆ, ಅದಕ್ಕೆ ಊಟ ಇಡೋ ಗಟ್ಟಿ ಡಬ್ಬ ಇದೆ, ನಿಯಮ ಇದೆ. ದಾರಿ ತಪ್ಪೋದು ಎಡಕ್ಕೆ. ಎತ್ತರದ ಕಾಯಿಲೆ, ಹೊಳೆ, ಸಿಡಿಲು ಎಲ್ಲಾ ಎಡಕ್ಕೇ. "ರಾತ್ರಿ ಒಬ್ಳೇ ಮಲಗಿದ್ದಾಗ ನನ್ನ ತಲೆ ಏನು ಮಾಡತ್ತೆ" ಅನ್ನೋದು ಬಲಕ್ಕೆ. ನಂದು ಮೊದಲ ಸಲ ಬರೆದಾಗ 23 ಐಟಂ ಇತ್ತು, ಅದರಲ್ಲಿ ಬಲಗಡೆ ಉಳಿದಿದ್ದು ನಾಲ್ಕೇ. ಅದನ್ನ ನೋಡಿದಾಗ್ಲೇ ಎದೆ ಸ್ವಲ್ಪ ಹಗುರ ಆಯ್ತು. ಎಡಗಡೆಯ ಒಂದೊಂದರ ಮುಂದೂ ಮಾಡ್ಬೇಕಾದ ಕೆಲಸ ಬರೀರಿ, ಆದ ಹಾಗೆ ಹೊಡೆದುಹಾಕ್ತಾ ಹೋಗಿ.

ಪರ್ಮಿಟ್

ಇದು ಬೇಜಾರಿನ ಭಾಗ, ಬೇಗ ಮುಗಿಸ್ತೀನಿ. ಉತ್ತರದಿಂದ ದಕ್ಷಿಣಕ್ಕೆ ಹೋಗೋದಾದ್ರೆ ಯೊಸೆಮಿಟಿ ನ್ಯಾಷನಲ್ ಪಾರ್ಕಿನ ವೈಲ್ಡರ್ನೆಸ್ ಪರ್ಮಿಟ್, ಅಂದ್ರೆ ಕಾಡಲ್ಲಿ ರಾತ್ರಿ ಉಳಿಯೋ ಅನುಮತಿ, ಬೇಕು, ಸುಮಾರು ಆರು ತಿಂಗಳು ಮುಂಚೆ ಆನ್‌ಲೈನ್ ಲಾಟರಿ ಇರತ್ತೆ, ಪಾರ್ಕಿನ ಗಡೀಲಿರೋ ಡಾನಹ್ಯೂ ಪಾಸ್ ದಾಟಿ ಮುಂದೆ ಹೋಗೋಕೆ ಅರ್ಹತೆ ಇರೋ ಪರ್ಮಿಟ್ಟೇ ಆಗಿರಬೇಕು, ಅದನ್ನ ಗಮನಿಸದೆ ಬರೀ ಯೊಸೆಮಿಟಿ ಒಳಗಿನ ಪರ್ಮಿಟ್ ತಗೊಂಡು ಪೇಚಾಡಿದೋರು ಇದಾರೆ. ಒಬ್ರೇ ಹೋಗೋರಿಗೆ ಇಲ್ಲೊಂದು ಲಾಭ ಇದೆ, ನಾಲ್ಕು ಜನಕ್ಕೆ ಜಾಗ ಸಿಗದ ದಿನಾನೂ ಒಬ್ರಿಗೆ ಸಿಕ್ಕಿಬಿಡತ್ತೆ, ಹೊರಡೋ ವಾರ ಬಿಡುಗಡೆ ಆಗೋ ಸೀಟುಗಳನ್ನೂ ನೋಡ್ತಾ ಇರಿ. ನಿಯಮ ವರ್ಷವರ್ಷಕ್ಕೆ ಬದಲಾಗತ್ತೆ, ಪಾರ್ಕಿನ ಅಧಿಕೃತ ಪುಟ ಓದಿ.

ಮೊದಲ ಸಲದವರಿಗೆ ನಾನು ಹೇಳೋದು ಉತ್ತರದಿಂದ ದಕ್ಷಿಣಕ್ಕೇ ಹೋಗಿ ಅಂತ. ಶುರುವಾಗೋದು 4,000 ಅಡಿ ಚಿಲ್ಲರೆಯಲ್ಲಿ, ಪಾಸ್‌ಗಳು ಮೆಲ್ಲಗೆ ಎತ್ತರ ಆಗ್ತಾ ಹೋಗತ್ತೆ, ದೇಹ ಹೊಂದ್ಕೊಳ್ಳತ್ತೆ, ಮನಸ್ಸೂ ಹೊಂದ್ಕೊಳ್ಳತ್ತೆ. ತಿಂಗಳು ಅಂದ್ರೆ ಆಗಸ್ಟ್. ಜುಲೈ ಮೊದಲರ್ಧ ಸೊಳ್ಳೆ ವಿಪರೀತ, ಹೊಳೇಲಿ ಹಿಮ ಕರಗಿದ ನೀರು ಜೋರು, 2023ರಂಥ ಭಾರೀ ಹಿಮದ ವರ್ಷ ಆದ್ರಂತೂ ಜುಲೈ ಕೊನೇಲೂ ಪಾಸ್ ಮೇಲೆ ಹಿಮ ಇರತ್ತೆ.

ಒಂದು ರಾತ್ರಿ, ಎರಡು ರಾತ್ರಿ, ಮೂರು ರಾತ್ರಿ

ಜಿಮ್‌ಗೆ ಹೋಗಿ ಕಾಲು ಗಟ್ಟಿ ಮಾಡ್ಕೊಳ್ಳೋದು ಒಳ್ಳೇದೇ, ಆದ್ರೆ ಒಬ್ರೇ ಮಲಗೋದನ್ನ ಪ್ರಾಕ್ಟೀಸ್ ಮಾಡದೆ ಹೋಗ್ಬೇಡಿ. ಕಾಲು ಟ್ರೇಲ್ ಮೇಲೆ ಒಂದು ವಾರದಲ್ಲಿ ಗಟ್ಟಿ ಆಗತ್ತೆ, ನಿದ್ದೆ ಆಗಲ್ಲ. ನಾನು ಮೊದಲು ಹೆನ್ರಿ ಕೋ ಪಾರ್ಕಲ್ಲಿ ಒಂದು ರಾತ್ರಿ, ಆಮೇಲೆ ಪಾಯಿಂಟ್ ರೇಯಸ್‌ನಲ್ಲಿ ಎರಡು, ಜೂನ್ ಕೊನೇಲಿ ತಾಹೋ ಹತ್ರ ಡೆಸೊಲೇಷನ್ ವೈಲ್ಡರ್ನೆಸ್‌ನಲ್ಲಿ ಮೂರು ರಾತ್ರಿ ಒಬ್ಳೇ ಇದ್ದೆ. ಮೊದಲ ರಾತ್ರಿ ಒಂದು ನಿಮಿಷ ನಿದ್ದೆ ಬರ್ಲಿಲ್ಲ, ಬೆಳಗ್ಗೆ ನಾಲ್ಕಕ್ಕೆ ಟೆಂಟ್ ಬಿಚ್ಚಿ ಕಾರಿಗೆ ಬಂದ್ಬಿಟ್ಟೆ. ಅದು ಸೋಲು ಅಂತ ಆಗ ಅನ್ನಿಸಿತ್ತು, ಈಗ ಹೇಳ್ತೀನಿ, ಆ ನಿದ್ದೆ ಬರದ ರಾತ್ರಿನ ಕಾರಿಂದ ಎರಡು ಮೈಲಿ ದೂರದಲ್ಲಿ ಕಳೆಯೋದೇ ಸರಿ, ನಲವತ್ತು ಮೈಲಿ ದೂರದಲ್ಲಿ ಅಲ್ಲ.

ನಾನು ಹುಟ್ಟಿ ಬೆಳೆದಿದ್ದು ಸಾಗರದ ಹತ್ರ ಒಂದು ಹಳ್ಳೀಲಿ, ಶಾಲೆಗೆ ಕಾಡುದಾರೀಲಿ ನಡ್ಕೊಂಡು ಹೋಗ್ತಿದ್ವಿ, ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳಾನ ಕಿತ್ತು ಬಿಸಾಕಿ ಮುಂದೆ ಹೋಗೋದೇ. ಹಾಗಾಗಿ ಕಾಡು ನಂಗೆ ಹೊಸದಲ್ಲ ಅಂದ್ಕೊಂಡಿದ್ದೆ. ಆದ್ರೆ ಊರಿನ ಕಾಡಲ್ಲಿ ನಾನು ಒಬ್ಳೇ ಇದ್ದಿದ್ದೇ ಇಲ್ಲ, ಯಾರದ್ದಾದ್ರೂ ಮನೆಯ ದೀಪ, ನಾಯಿ ಬೊಗಳೋದು ಇದ್ದೇ ಇರ್ತಿತ್ತು. ಇಲ್ಲಿ ಇಲ್ಲ. ಮಲೆನಾಡೋರು ಕೊಡಗಿನೋರು ಓದ್ತಿದ್ರೆ ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಕಾಡಿನ ಅಭ್ಯಾಸ ಬೇರೆ, ಒಬ್ರೇ ಇರೋ ಅಭ್ಯಾಸ ಬೇರೆ.

ಮನೇಲಿ ಹೇಳೋದು

ಅಮ್ಮಂಗೆ ಹೇಳೋದನ್ನ ಮೂರು ತಿಂಗಳು ಮುಂದಕ್ಕೆ ಹಾಕಿದ್ದೆ. ಕೊನೆಗೆ ಫೋನಲ್ಲಿ ಹೇಳಿದಾಗ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ "ಯಾರಾದ್ರೂ ಜೊತೆಗೆ ಬರಲ್ವೇನೇ? ಅಲ್ಲಿ ಕನ್ನಡದೋರು ಅಷ್ಟು ಜನ ಇದಾರಲ್ಲ" ಅಂದ್ಲು. "ಒಬ್ಳೇ ಹೋಗ್ಬೇಕು ಅಂತಾನೇ ಹೋಗ್ತಿರೋದಮ್ಮ" ಅಂದೆ. "ಅದೇ ನಂಗೆ ಅರ್ಥ ಆಗ್ತಿಲ್ಲ ಕಣೇ" ಅಂದ್ಲು. ಅರ್ಥ ಮಾಡಿಸೋಕೆ ಹೋಗ್ಬೇಡಿ, ಅದು ಒಂದು ಫೋನ್ ಕಾಲಲ್ಲಿ ಆಗೋ ಕೆಲಸ ಅಲ್ಲ. ಅದರ ಬದಲು ಅವರ ಕೈಗೆ ಏನಾದ್ರೂ ಕೊಡಿ. ನಾನು ಕೊಟ್ಟಿದ್ದು ಒಂದು ಹಾಳೆ, ದಿನಾಂಕ, ಆ ದಿನ ಎಲ್ಲಿಂದ ಎಲ್ಲಿವರೆಗೆ, ಎಲ್ಲಿ ಮಲಗ್ತೀನಿ, ದಾರಿ ಬಿಟ್ಟು ಹೊರಗೆ ಬರೋದಾದ್ರೆ ಎಲ್ಲಿಂದ ಬರಬಹುದು, ಕನ್ನಡದಲ್ಲೇ ಬರೆದು ವಾಟ್ಸಾಪ್ ಮಾಡಿದೆ. ಅಮ್ಮ ಅದನ್ನ ಪ್ರಿಂಟ್ ತೆಗೆಸಿ ಕ್ಯಾಲೆಂಡರ್ ಪಕ್ಕ ಅಂಟಿಸಿ ದಿನಾ ಒಂದೊಂದು ಸಾಲಿಗೆ ಟಿಕ್ ಹಾಕಿದ್ಲಂತೆ.

ಟ್ರೇಲ್‌ನ ಬಹುಪಾಲಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹಾಗಾಗಿ ಸ್ಯಾಟಲೈಟ್ ಮೆಸೆಂಜರ್, ಅಂದ್ರೆ ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಸಣ್ಣ ಸಾಧನ, ತಗೊಳ್ಳಿ, ಬಾಡಿಗೆಗೂ ಸಿಗತ್ತೆ, ಎಸ್‌ಒಎಸ್ ಒತ್ತಿದ್ರೆ ರಕ್ಷಣಾ ತಂಡಕ್ಕೆ ಸುದ್ದಿ ಹೋಗತ್ತೆ. ಇದರಲ್ಲಿ ತುಂಬಾ ಜನ ಮಾಡೋ ತಪ್ಪನ್ನ ನಾನೂ ಮಾಡ್ದೆ: "ದಿನಾ ರಾತ್ರಿ ಮೆಸೇಜ್ ಮಾಡ್ತೀನಿ" ಅಂತ ಮಾತು ಕೊಟ್ಟೆ. ಡೆಸೊಲೇಷನ್‌ನಲ್ಲಿ ಎರಡನೇ ರಾತ್ರಿ ದಟ್ಟ ಮರದ ಕೆಳಗೆ ಮೆಸೇಜ್ ಹೋಗ್ಲೇ ಇಲ್ಲ, ನಾನು ಹೋಗಿದೆ ಅಂದ್ಕೊಂಡು ಮಲಗ್ದೆ, ಮನೇಲಿ ಅಮ್ಮ ಅಕ್ಕ ಇಬ್ರೂ ದಿನವಿಡೀ ಫೋನ್ ಹಿಡ್ಕೊಂಡು ಕೂತಿದ್ರಂತೆ, ಅಕ್ಕ ಇನ್ನೇನು ಪೊಲೀಸಿಗೆ ಫೋನ್ ಮಾಡೋದ್ರಲ್ಲಿದ್ಲು. ಅದಾದ ಮೇಲೆ ಮಾಡ್ಕೊಂಡ ಒಪ್ಪಂದ ಇದು: ಮೆಸೇಜ್ ಬರದಿದ್ರೆ 36 ಗಂಟೆ ತನಕ ಯಾರೂ ಗಾಬರಿ ಆಗೋ ಹಾಗಿಲ್ಲ, 36 ಗಂಟೆ ದಾಟಿದ್ರೆ ಅಕ್ಕ ನಾನು ಕೊಟ್ಟಿರೋ ನಂಬರಿಗೆ ಫೋನ್ ಮಾಡಿ ನನ್ನ ಪರ್ಮಿಟ್ ನಂಬರ್, ಟೆಂಟ್ ಬಣ್ಣ, ಜಾಕೆಟ್ ಬಣ್ಣ ಹೇಳ್ಬೇಕು. ಇದನ್ನ ಬರೆದೇ ಕೊಡಿ. ಬಾಯಿಮಾತು ರಾತ್ರಿ ಹೊತ್ತು ನೆನಪಿಗೆ ಬರಲ್ಲ.

ಊಟ, ಡಬ್ಬ, ತೂಕ

ಈ ವಿಷ್ಯದಲ್ಲಿ ಸ್ವಲ್ಪ ಹೊತ್ತು ಕೂರ್ತೀನಿ, ಯಾಕಂದ್ರೆ ಹೊಟ್ಟೆ ಖಾಲಿ ಇದ್ದಾಗ ಎಲ್ಲಾ ಭಯಾನೂ ಎರಡರಷ್ಟಾಗತ್ತೆ, ಇದು ನಾನು ನನ್ನ ಮೇಲೇ ನೋಡಿದ್ದು. ಸಂಜೆ ಐದಕ್ಕೆ ಅಳು ಬರೋ ಹಾಗಾದ್ರೆ ಮೊದಲು ಎರಡು ತುಂಡು ಚಿಕ್ಕಿ ತಿನ್ನಿ, ಆಮೇಲೆ ಅಳ್ಬೇಕೋ ಬೇಡ್ವೋ ನೋಡಿ.

ಟ್ರೇಲ್‌ನ ಹೆಚ್ಚು ಭಾಗದಲ್ಲಿ ಊಟನ ಕರಡಿ ಬಿಚ್ಚೋಕಾಗದ ಗಟ್ಟಿ ಡಬ್ಬದಲ್ಲೇ ಇಡ್ಬೇಕು ಅಂತ ನಿಯಮ. ಬೇರ್ ಕ್ಯಾನಿಸ್ಟರ್ ಅಂತಾರೆ, ದೊಡ್ಡದು ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿನೇ ತೂಗತ್ತೆ. ಇದರೊಳಗೆ ಊಟ ಮಾತ್ರ ಅಲ್ಲ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಲಿಪ್ ಬಾಮ್, ಕಸದ ಕವರ್, ವಾಸನೆ ಇರೋ ಎಲ್ಲಾನೂ. ಪುಳಿಯೋಗರೆ ಗೊಜ್ಜು, ಇಂಗು ಹಾಕಿದ ಚಟ್ನಿಪುಡಿ ಒಯ್ಯೋರು ಎರಡು ಕವರ್ ಹಾಕಿ.

ನಮ್ಮ ಅಡುಗೆ ಇಲ್ಲಿ ಎಷ್ಟು ಉಪಯೋಗಕ್ಕೆ ಬರತ್ತೆ ಅಂದ್ರೆ, ಅಂಗಡೀಲಿ ಸಿಗೋ ಒಣಗಿಸಿದ ಊಟದ ಪ್ಯಾಕೆಟ್ ನಾನು ಒಂದೂ ತಗೊಳ್ಲಿಲ್ಲ. 11,000 ಅಡಿ ಎತ್ತರದಲ್ಲಿ ನೀರು ಸುಮಾರು 89 ಡಿಗ್ರಿಗೇ ಕುದಿಯತ್ತೆ, ಅಕ್ಕಿ ಬೇಳೆ ಬೇಯೋ ಹೊತ್ತಿಗೆ ಗ್ಯಾಸ್ ಖಾಲಿ. ಅವಲಕ್ಕಿಗೆ ಆ ತೊಂದ್ರೆ ಇಲ್ಲ. ಗಟ್ಟಿ ಅವಲಕ್ಕಿನ ಮಿಕ್ಸಿಗೆ ಹಾಕಿ ತರಿ ಮಾಡಿ, ಹುಣಸೆ ರಸ ಬೆಲ್ಲ ಸಾರಿನಪುಡಿ ಚೆನ್ನಾಗಿ ಹುರಿದು ಒಣ ಗೊಜ್ಜು ಮಾಡಿ ಬೆರೆಸಿ, ಕಡಲೇಬೀಜ ಒಣಕೊಬ್ಬರಿ ಒಗ್ಗರಣೆ ಜಾಸ್ತಿ ಹಾಕಿ. ತರಿ ಮಾಡೋದ್ರಿಂದ ಡಬ್ಬದಲ್ಲಿ ಜಾಗ ಅರ್ಧ ಉಳಿಯತ್ತೆ, ಇದು ಮುಖ್ಯ, ಯಾಕಂದ್ರೆ ಕೊನೆಗೆ ಸಾಲದೆ ಬರೋದು ತೂಕ ಅಲ್ಲ, ಡಬ್ಬದ ಜಾಗ. ಬಿಸಿನೀರು ಹಾಕಿ ಮುಚ್ಚಿಟ್ರೆ ಐದು ನಿಮಿಷ. ನನ್ನ ಸ್ಟವ್ ಒಂದು ಸಂಜೆ ಗಾಳಿಗೆ ಹತ್ತಲೇ ಇಲ್ಲ, ತಣ್ಣೀರಲ್ಲೇ ಅರ್ಧ ಗಂಟೆ ನೆನೆಸಿ ತಿಂದೆ, ಏನೂ ಕಮ್ಮಿ ಆಗ್ಲಿಲ್ಲ. ಬೆಳಗ್ಗೆಗೆ ರಾಗಿ ಹುರಿಹಿಟ್ಟು, ಹಾಲಿನ ಪುಡಿ, ಬೆಲ್ಲದ ಪುಡಿ. ನಡೀವಾಗ ಚಿಕ್ಕಿ, ಖರ್ಜೂರ, ಕಡಲೇಬೀಜ. ಮಧ್ಯಾಹ್ನ ಟಾರ್ಟಿಯಾಗೆ (ಚಪಾತಿ ಥರದ್ದು) ತುಪ್ಪ ಸವರಿ ಚಟ್ನಿಪುಡಿ. ತುಪ್ಪ 100 ಗ್ರಾಂಗೆ ಹತ್ತಿರ ಹತ್ತಿರ 900 ಕ್ಯಾಲರಿ, ಅಷ್ಟು ಶಕ್ತಿ ಅಷ್ಟು ಕಮ್ಮಿ ಜಾಗದಲ್ಲಿ ಎಣ್ಣೆ ತುಪ್ಪ ಬಿಟ್ರೆ ಬೇರೆ ಯಾವುದರಲ್ಲೂ ಸಿಗಲ್ಲ, ಗಟ್ಟಿ ಮುಚ್ಚಳದ ಸಣ್ಣ ಬಾಟಲಲ್ಲಿ ಇಟ್ಕೊಳ್ಳಿ, ಚಳಿಗೆ ಗಟ್ಟಿಯಾದ್ರೆ ನಡೀವಾಗ ಜಾಕೆಟ್ ಒಳಗೆ ಇಟ್ರೆ ಕರಗತ್ತೆ. ದಿನಕ್ಕೆ ಒಟ್ಟು 750 ಗ್ರಾಂ ಲೆಕ್ಕ ಹಾಕಿದ್ದೆ, ನಂಗೆ ಸರಿ ಹೋಯ್ತು.

ಎಲ್ಲಾ ಊಟನ ಒಂದೇ ಸಲ ಹೊರೋಕಾಗಲ್ಲ. ರೆಡ್ಸ್ ಮೆಡೋದಲ್ಲಿ ಒಂದು ಸಲ, ಸುಮಾರು ಅರ್ಧ ದಾರೀಲಿ ಇರೋ ಮ್ಯೂರ್ ಟ್ರೇಲ್ ರಾಂಚ್‌ನಲ್ಲಿ ಇನ್ನೊಂದು ಸಲ ತುಂಬ್ಕೊಂಡೆ. ರಾಂಚಿಗೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಪ್ಯಾಕ್ ಮಾಡಿ ವಾರಗಟ್ಟಲೆ ಮುಂಚೆ ಪೋಸ್ಟ್ ಮಾಡ್ಬೇಕು, ಇಟ್ಕೊಳ್ಳೋಕೆ ದುಡ್ಡು ತಗೋತಾರೆ, ಕಮ್ಮಿ ಇಲ್ಲ. ಅಲ್ಲಿಂದ ವಿಟ್ನಿ ಇಳಿದು ರಸ್ತೆ ಸೇರೋ ವಿಟ್ನಿ ಪೋರ್ಟಲ್‌ವರೆಗೆ ಸುಮಾರು 110 ಮೈಲಿ ದಾರಿ ಮೇಲೆ ಅಂಗಡಿ ಇಲ್ಲ ಏನಿಲ್ಲ. ಬೇರೆಯವರು ಬಿಟ್ಟುಹೋದ ಊಟನ ರಾಂಚ್‌ನಲ್ಲಿ ಡಬ್ಬಗಳಲ್ಲಿ ಇಟ್ಟಿರ್ತಾರೆ, ಬೇಕಾದೋರು ತಗೋಬಹುದು.

ಬ್ಯಾಗಿನ ತೂಕ ಊಟ ನೀರು ಬಿಟ್ಟು 8 ಕಿಲೋ ಒಳಗೆ ತನ್ನಿ. ಹೊಸಬ್ರ ಬ್ಯಾಗ್ ಭಾರ ಆಗೋದು "ಇರ್ಲಿ, ಯಾವುದಕ್ಕೂ" ಅಂತ ಹಾಕಿದ ಸಾಮಾನಿಂದ. ಒಂದೊಂದನ್ನೂ ಕೈಲಿ ಹಿಡಿದು ಇದು ನನ್ನ ಪಟ್ಟೀಲಿರೋ ಯಾವ ಭಯಕ್ಕೆ ಅಂತ ಕೇಳ್ಕೊಳ್ಳಿ. ಉತ್ತರ ಇಲ್ದಿದ್ರೆ ಮನೇಲಿ ಬಿಡಿ. ಚಳಿಗೆ ಮಾತ್ರ ಜಿಪುಣತನ ಬೇಡ, ಆಗಸ್ಟಲ್ಲೂ ಮೇಲೆ ರಾತ್ರಿ ನೀರಿನ ಬಾಟಲ್ ಹೆಪ್ಪುಗಟ್ಟತ್ತೆ, ನೀರಿನ ಫಿಲ್ಟರ್ ಹೆಪ್ಪುಗಟ್ಟಿದ್ರೆ ಒಳಗಿಂದ ಹಾಳಾಗತ್ತೆ, ಅದನ್ನ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಕೊಂಡೇ ಮಲಗ್ಬೇಕು.

ಮೊದಲ ಮೂರು ರಾತ್ರಿ

ಮೊದಲ ರಾತ್ರಿ ಲಿಟಲ್ ಯೊಸೆಮಿಟಿ ವ್ಯಾಲಿಯಲ್ಲಿ ಸುತ್ತ ಟೆಂಟ್‌ಗಳು, ಜನ, ಭಯ ಏನಿಲ್ಲ. ಎರಡನೇ ರಾತ್ರಿ ಸನ್‌ರೈಸ್ ಕಡೆ ಒಬ್ಳೇ. ಹತ್ತು ಗಂಟೆ ಹೊತ್ತಿಗೆ ಟೆಂಟ್ ಹೊರಗೆ ಯಾರೋ ನಡೆದ ಹಾಗೆ, ನಿಂತ ಹಾಗೆ, ಮತ್ತೆ ನಡೆದ ಹಾಗೆ ಸದ್ದು. ಉಸಿರು ಬಿಗಿ ಹಿಡಿದು ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ. ಕೊನೆಗೆ ಟಾರ್ಚ್ ಬಿಟ್ಟು ನೋಡಿದ್ರೆ ಜಿಂಕೆ, ನನ್ನ ನಡೆಯೋ ಕೋಲಿನ ಹಿಡಿ ನೆಕ್ತಾ ಇತ್ತು, ಬೆವರಿನ ಉಪ್ಪಿಗೆ ಬರತ್ತಂತೆ ಅವು. ಕೋಲನ್ನ ಒಳಗೆ ಇಟ್ಕೊಳ್ಳಿ.

ಕರಡಿ ಬಗ್ಗೆ ಹೇಳ್ಬಿಡ್ತೀನಿ. ಕ್ಯಾಲಿಫೋರ್ನಿಯಾದ ಬಾವುಟದ ಮೇಲಿರೋ ಗ್ರಿಜ್ಲಿ ಕರಡಿ ಈ ರಾಜ್ಯದಲ್ಲಿ 1920ರ ದಶಕದಲ್ಲೇ ಮುಗಿದುಹೋಯ್ತು. ಈಗಿರೋದು ಬ್ಲ್ಯಾಕ್ ಬೇರ್, ನಮ್ಮೂರ ಕಡೆಯ ಕರಡಿ ಥರ ಮೈಮೇಲೆ ಬೀಳೋ ಸ್ವಭಾವದ್ದಲ್ಲ, ಅದಕ್ಕೆ ಬೇಕಾಗಿರೋದು ನಿಮ್ಮ ಊಟ. ಡಬ್ಬನ ಟೆಂಟಿಂದ ಮೂವತ್ತು ಮೀಟರ್ ದೂರ, ನೀರಿಗೆ ಪ್ರಪಾತಕ್ಕೆ ಉರುಳದ ಕಡೆ ಇಡಿ. ಕರಡಿ ಕಂಡ್ರೆ ಓಡ್ಬೇಡಿ, ನೆಟ್ಟಗೆ ನಿಂತು ಕೈ ಎತ್ತಿ ಜೋರಾಗಿ ಕೂಗಿ. ಲೈಯಲ್ ಕ್ಯಾನ್ಯನ್‌ನಲ್ಲಿ ಸಂಜೆ ನಂಗೆ ಒಂದು ಸಿಕ್ತು, ಬಿದ್ದ ಮರ ಕೆರೀತಾ ಇತ್ತು. "ಹೋಗು, ಹೋಗ್ ಅತ್ಲಾಗೆ" ಅಂತ ದನ ಓಡಿಸೋ ದನೀಲಿ ಕೂಗಿದೆ, ತಿರುಗಿ ನೋಡಿ ಹೋಯ್ತು. ಅಷ್ಟೇ. ಅವತ್ತು ರಾತ್ರಿ ಮೊದಲ ಸಲ ಪೂರ್ತಿ ನಿದ್ದೆ ಮಾಡ್ದೆ.

ಎರಡು ನಿಯಮ ನಂಗೆ ಉಪಯೋಗಕ್ಕೆ ಬಂತು. ಒಂದು, ಕಿವಿಗೆ ಇಯರ್‌ಪ್ಲಗ್. ಕೆಲವರು ಬೇಡ ಅಂತಾರೆ, ನಾನು ಬೇಕು ಅಂತೀನಿ, ಊಟ ಡಬ್ಬದಲ್ಲಿದೆ, ಟೆಂಟ್ ಗಟ್ಟಿ ಕಟ್ಟಿದೀರಿ, ಇಡೀ ರಾತ್ರಿ ಕಿವಿ ನಿಮಿರಿಸಿ ಕೇಳ್ತಾ ಇದ್ರೆ ಯಾವುದೂ ಬದಲಾಗಲ್ಲ, ನಾಳೆ ಕಾಲು ಎಡವತ್ತೆ ಅಷ್ಟೇ. ಎರಡು, ಸೂರ್ಯ ಮುಳುಗಿದ ಮೇಲೆ ಬೆಳಗಿನ ತಿಂಡಿ ಆಗೋವರೆಗೆ ವಾಪಸ್ ಹೋಗೋ ನಿರ್ಧಾರ ಮಾಡೋ ಹಾಗಿಲ್ಲ. ಎರಡನೇ ರಾತ್ರಿ ನಾನು ಮನಸ್ಸಲ್ಲೇ ನಾಲ್ಕು ಸಲ ವಾಪಸ್ ಹೋಗಿದ್ದೆ. ಬೆಳಗ್ಗೆ ಹುರಿಹಿಟ್ಟು ಕುಡಿದು ಎದ್ದಾಗ ಬಿಸಿಲು ಕಥೀಡ್ರಲ್ ಪೀಕ್ ಮೇಲೆ ಬಿದ್ದಿತ್ತು, ಕಾಲು ದಕ್ಷಿಣಕ್ಕೇ ಹೋಯ್ತು.

ವಾಪಸ್ ಬರೋದು ತಪ್ಪಲ್ಲ, ಅದಕ್ಕೆ ದಾರಿ ಗೊತ್ತಿರಬೇಕು. ಟೂಅಲಮಿ ಮೆಡೋಸ್, ರೆಡ್ಸ್ ಮೆಡೋ, ಎಡಿಸನ್ ಲೇಕ್ ಕಡೆಯ ವರ್ಮಿಲಿಯನ್ ವ್ಯಾಲಿ, ಬಿಷಪ್ ಪಾಸ್, ಕಿಯರ್ಸಾರ್ಜ್ ಪಾಸ್, ಇಷ್ಟು ಕಡೆ ಹೊರಗೆ ಬೀಳಬಹುದು. ಮ್ಯಾಪಲ್ಲಿ ಕೆಂಪು ಗುರುತು ಮಾಡ್ಕೊಳ್ಳಿ. ಮುಂದಿನ ಬಾಗಿಲು ಎಷ್ಟು ದಿನದ ದೂರ ಅಂತ ಗೊತ್ತಿದ್ರೆ ಗೋಡೆ ಅಷ್ಟು ಎತ್ತರ ಕಾಣಲ್ಲ.

ಪಾಸ್, ಸಿಡಿಲು, ಹೊಳೆ

ಮಧ್ಯಾಹ್ನದ ಮೇಲೆ ಸಿಯೆರಾದಲ್ಲಿ ಮೋಡ ಕಟ್ಟಿ ಗುಡುಗೋದು ಬೇಸಿಗೇಲಿ ಮಾಮೂಲು. ಪಾಸನ್ನ ಬೆಳಗ್ಗೆ ಹನ್ನೊಂದರೊಳಗೆ ದಾಟೋ ಹಾಗೆ ಹಿಂದಿನ ಸಂಜೆ ಅದರ ಬುಡದ ಹತ್ರ ಮಲಗಿ. ಗುಡುಗು ಕೇಳ್ಸಿದ್ರೆ ಇನ್ನೂ ದೂರ ಇದೆ ಅಂತ ಲೆಕ್ಕ ಹಾಕ್ತಾ ಕೂರ್ಬೇಡಿ, ಇಳೀರಿ. ಮೇದರ್, ಪಿಂಚೋ, ಗ್ಲೆನ್ ಎಲ್ಲಾ 12,000 ಅಡಿ ಆಸುಪಾಸು, ಫಾರೆಸ್ಟರ್ 13,153, ಮೇಲೆ ಮರ ಇಲ್ಲ, ಬರೀ ಕಲ್ಲು, ಎತ್ತರಕ್ಕೆ ಎದ್ದು ಕಾಣೋದು ನೀವೊಬ್ರೇ.

ಎತ್ತರಕ್ಕೆ ತಲೆನೋವು ಬಂದ್ರೆ ಮೇಲೆ ಹತ್ತೋದು ನಿಲ್ಲಿಸಿ, ಅಲ್ಲೇ ಮಲಗಿ. ಕೂತಾಗ್ಲೂ ಏದುಸಿರು, ನಡೆದ್ರೆ ತೂರಾಟ ಅಂತಾದ್ರೆ ರಾತ್ರಿ ಅಂತ ನೋಡ್ದೆ ಕೆಳಗೆ ಇಳೀಲೇಬೇಕು. ಒಬ್ರೇ ಇದ್ದಾಗ ನಿಮ್ಮ ಮುಖ ನೋಡಿ "ಯಾಕೋ ಸರಿ ಇಲ್ಲ" ಅನ್ನೋರು ಯಾರೂ ಇರಲ್ಲ, ಹಾಗಾಗಿ ನಾನು ಹತ್ತುವಾಗ ಮಗ್ಗಿ ಹೇಳ್ಕೋತಿದ್ದೆ. ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಲ್ಕು. ತಪ್ಪೋಕೆ ಶುರುವಾದ್ರೆ ಕೂತು ನೀರು ಕುಡಿದು ಏನಾದ್ರೂ ತಿಂತಿದ್ದೆ. ಇದು ಡಾಕ್ಟರ್ ಹೇಳಿದ್ದಲ್ಲ, ನಾನೇ ಮಾಡ್ಕೊಂಡಿದ್ದು, ಆದ್ರೆ ಉಸಿರು ಹೆಜ್ಜೆ ಎರಡೂ ಒಂದು ಲಯಕ್ಕೆ ಬರತ್ತೆ, ತಿರುವು ಮೇಲೆ ತಿರುವು ಬರೋ ಏರಲ್ಲಿ ಕಾಲ ಹೋಗಿದ್ದೇ ಗೊತ್ತಾಗಲ್ಲ.

ಹೊಳೆ ವಿಷ್ಯ: ಹಿಮ ಕರಗಿದ ನೀರು ಸಂಜೆಗೆ ಜಾಸ್ತಿ, ಬೆಳಗಿನ ಜಾವ ಕಮ್ಮಿ. ಸಂಶಯ ಇದ್ರೆ ದಡದಲ್ಲೇ ಮಲಗಿ ಬೆಳಗ್ಗೆ ದಾಟಿ. ದಾಟುವಾಗ ಬ್ಯಾಗಿನ ಸೊಂಟದ ಬಕಲ್, ಎದೆ ಬಕಲ್ ಬಿಚ್ಚಿರಿ, ಬಿದ್ರೆ ಬ್ಯಾಗ್ ಬಿಟ್ಟು ಏಳೋಕಾಗ್ಬೇಕು. ನೀರು ಬರೋ ಕಡೆ ಮುಖ ಮಾಡಿ, ಎರಡು ಕೋಲು ಊರಿ, ಒಂದು ಸಲಕ್ಕೆ ಒಂದೇ ಕಾಲು. ತೊಡೆ ಮಟ್ಟಕ್ಕಿಂತ ಮೇಲೆ ಜೋರಾಗಿ ಹರೀತಿದ್ರೆ ಒಬ್ರೇ ದಾಟ್ಬೇಡಿ, ಇನ್ಯಾರಾದ್ರೂ ಬರೋವರೆಗೆ ಕಾಯಿರಿ. ಎವಲ್ಯೂಷನ್ ಕ್ರೀಕ್‌ನಲ್ಲಿ ನೀರು ಹೆಚ್ಚಿದ್ದಾಗ ಮುಖ್ಯ ದಾಟುದಾರಿ ಬಿಟ್ಟು ಮೇಲಿನ ಹುಲ್ಲುಗಾವಲಲ್ಲಿ ದಾಟ್ತಾರೆ, ಅಲ್ಲಿ ಅಗಲ ಜಾಸ್ತಿ ಸೆಳೆತ ಕಮ್ಮಿ.

ಮನುಷ್ಯರು, ಮತ್ತೆ ಹೆಂಗಸರಿಗೆ ಎರಡು ಮಾತು

ದಾರೀಲಿ ಸಿಗೋ ನೂರರಲ್ಲಿ ತೊಂಬತ್ತೊಂಬತ್ತು ಜನ ಒಳ್ಳೆಯವರು, ಆದ್ರೂ "ಇವತ್ತು ಎಲ್ಲಿ ಟೆಂಟ್ ಹಾಕ್ತೀರಿ" ಅಂತ ಕೇಳಿದ್ರೆ ಜಾಗದ ಹೆಸರು ಹೇಳೋದು ಬೇಡ, "ಇನ್ನೂ ನೋಡಿಲ್ಲ, ಫ್ರೆಂಡ್ ಹಿಂದೆ ಬರ್ತಿದಾಳೆ" ಅಂದ್ರೆ ಸಾಕು. ಯಾರ ಜೊತೆಯಾದ್ರೂ ಇದ್ದಾಗ ಹೊಟ್ಟೇಲಿ ಕಸಿವಿಸಿ ಆದ್ರೆ ಕಾರಣ ಹುಡುಕ್ತಾ ಕೂರದೆ ಮುಂದೆ ಹೋಗಿ, ಅಸಭ್ಯ ಅನ್ಸತ್ತೇನೋ ಅಂತ ಸಂಕೋಚ ಬೇಡ. ಕಾರಿನ ರಸ್ತೆಯಿಂದ ದೂರ ಟೆಂಟ್ ಹಾಕಿ. ಮುಟ್ಟಿನ ಕಪ್ ಅಭ್ಯಾಸ ಇದ್ರೆ ಒಳ್ಳೇದು, ಪ್ಯಾಡ್ ಆದ್ರೆ ಬಳಸಿದ್ದನ್ನ ಹೂಳೋ ಹಾಗಿಲ್ಲ, ಜಿಪ್ ಕವರಲ್ಲಿ ಹಾಕಿ ಡಬ್ಬದಲ್ಲೇ ಇಟ್ಟು ಹೊತ್ಕೊಂಡು ಬರಬೇಕು. ಶೌಚಕ್ಕೆ ಹೊಳೆಯಿಂದ 200 ಅಡಿ ದೂರ, ಆರರಿಂದ ಎಂಟು ಇಂಚು ಆಳದ ಗುಂಡಿ. ಪೇಪರ್ ಬಳಸಿದ್ರೆ ಅದನ್ನೂ ಹೊತ್ಕೊಂಡು ಬರಬೇಕು, ನಮ್ಗೆ ನೀರಿನ ಅಭ್ಯಾಸ ಇರೋದು ಇಲ್ಲಿ ದೊಡ್ಡ ಅನುಕೂಲ, ಅದಕ್ಕೇ ಒಂದು ಸಣ್ಣ ಬಾಟಲ್ ಬೇರೆ ಇಟ್ಕೊಳ್ಳಿ.

ಒಂಟಿತನ ಬರೋ ಜಾಗ, ಮತ್ತೆ ಸಿಗೋದು

ರಾಂಚ್ ಬಿಟ್ಟ ಮೇಲೆ ನಿಜವಾದ ಒಂಟಿತನ ಬಂತು. ಭಯ ಅಲ್ಲ ಅದು, ಬೇರೆ. ಬಲಗಡೆ ಕಾಲಂನಲ್ಲಿ ಉಳಿದಿತ್ತಲ್ಲ ನಾಲ್ಕು, ಅದರಲ್ಲಿ ಒಂದು. ಹತ್ತು ದಿನದಿಂದ ಕನ್ನಡ ಮಾತಾಡಿರ್ಲಿಲ್ಲ. ತಿರುವಲ್ಲಿ ಕರಡಿಗೆ ನಾವು ಬರೋದು ಗೊತ್ತಾಗ್ಲಿ ಅಂತ ಸದ್ದು ಮಾಡ್ಬೇಕು, ನಾನು "ಬಂದೆ, ಬಂದೆ" ಅನ್ನೋಕೆ ಶುರು ಮಾಡಿದ್ದೆ, ಕತ್ತಲಲ್ಲಿ ಕೊಟ್ಟಿಗೆಗೆ ಹೋಗುವಾಗ ಅಜ್ಜಿ ದನಗಳಿಗೆ ಹಾಗೇ ಹೇಳ್ತಿದ್ರು. ಅಲ್ಲಿಂದ ನಿಧಾನಕ್ಕೆ ಜೋರಾಗಿ ಕನ್ನಡದಲ್ಲಿ ಮಾತಾಡ್ತಾನೇ ನಡೆಯೋಕೆ ಶುರುವಾಯ್ತು, ಅಪ್ಪನ ಹತ್ರ ಆಡದೇ ಉಳಿದ ಮಾತು, ಅವರು ಹೋಗಿ ಆಗ ಆರು ವರ್ಷ ಆಗಿತ್ತು, ಎವಲ್ಯೂಷನ್ ಲೇಕ್ ಪಕ್ಕ ಪೂರ್ತಿ ಒಂದು ಬೆಳಗ್ಗೆ ಅವರ ಹತ್ರ ಮಾತಾಡಿದೆ, ಅತ್ತುಬಿಟ್ಟೆ, ಕೇಳೋರು ಯಾರೂ ಇರ್ಲಿಲ್ಲ, ಒರೆಸ್ಕೊಳ್ಳೋ ಅವಸರಾನೂ ಇರ್ಲಿಲ್ಲ. ಒಂಟಿತನ ಬಂದಾಗ ಹೆಡ್‌ಫೋನ್ ಹಾಕ್ಕೊಳ್ಳೋಕೆ ಕೈ ಹೋಗತ್ತೆ, ಒಂದು ದಿನ ತಡೀರಿ, ಆಮೇಲೆ ಬೇಕಾದ್ರೆ ಹಾಕ್ಕೊಳ್ಳಿ.

ಆ ಸಂಜೆ ಮ್ಯೂರ್ ಪಾಸ್ ಹತ್ತಿದೆ, 11,955 ಅಡಿ. ಈ ಕಡೆ ವಾಂಡಾ ಲೇಕ್, ಆ ಕಡೆ ಹೆಲೆನ್ ಲೇಕ್, ಎರಡೂ ಜಾನ್ ಮ್ಯೂರ್ ಹೆಣ್ಣುಮಕ್ಕಳ ಹೆಸರು, ನಡುವೆ ಪಾಸ್ ಮೇಲೆ 1930ರಲ್ಲಿ ಕಟ್ಟಿದ ಕಲ್ಲಿನ ಗುಡಿಸಲು, ಒಳಗೆ ಸುತ್ತ ಕಲ್ಲಿನ ಕಟ್ಟೆ. ತುರ್ತು ಇಲ್ಲದೆ ಅಲ್ಲಿ ಮಲಗೋ ಹಾಗಿಲ್ಲ, ಸುಮ್ನೆ ಕೂತೆ. ಹನ್ನೊಂದರ ನಿಯಮ ಅವತ್ತು ಮುರಿದಿದ್ದೆ, ಬೆಳಗಿಂದ ಒಂದು ಮೋಡ ಇರ್ಲಿಲ್ಲ ಅಂತ, ನೀವು ಹಾಗೆ ಮಾಡ್ಬೇಡಿ. ಗಾಳಿ ನಿಂತಿತ್ತು, ನನ್ನ ಉಸಿರು ನಂಗೆ ಕೇಳ್ತಿತ್ತು. ಕಂಡಿದ್ದು ಬರೀ ಕಲ್ಲು ನೀರು ಬೆಳಕು, ಆದ್ರೆ ಅದನ್ನ ಯಾರಿಗೂ ತೋರಿಸ್ಬೇಕು, ಫೋಟೋ ಹಾಕ್ಬೇಕು ಅಂತ ಅನ್ನಿಸ್ಲೇ ಇಲ್ಲ, ನನ್ನ ಇಷ್ಟು ವರ್ಷದಲ್ಲಿ ಹಾಗೆ ಅನ್ನಿಸದೇ ಇದ್ದ ಮೊದಲ ಸಂಜೆ ಅದು. ಜೊತೇಲಿ ಯಾರಾದ್ರೂ ಇದ್ದಿದ್ರೆ "ಎಷ್ಟು ಚೆನ್ನಾಗಿದೆ ಅಲ್ವಾ" ಅಂದಿರ್ತಿದ್ದೆ, ಅಂದ ಕೂಡ್ಲೇ ಅದು ಮುಗೀತಿತ್ತು.

ಕೊನೇ ರಾತ್ರಿ, ಇಳಿಯೋದು, ಇಳಿದ ಮೇಲೆ

ವಿಟ್ನಿಗೆ ಗಿಟಾರ್ ಲೇಕ್ ಹತ್ರ ಮಲಗಿ ರಾತ್ರಿ ಎರಡಕ್ಕೆ ಎದ್ದು ಹೊರಟ್ರೆ ನೆತ್ತೀಲಿ ಸೂರ್ಯೋದಯ ಸಿಗತ್ತೆ. ಕತ್ತಲಲ್ಲಿ ಮೇಲಿನ ಇಳಿಜಾರಲ್ಲಿ ಬೇರೆಯವರ ಹೆಡ್‌ಲ್ಯಾಂಪ್ ಸಾಲು ಕಾಣತ್ತೆ, ಜಾತ್ರೆಗೆ ದೀಪ ಹಿಡ್ಕೊಂಡು ಹೋಗೋರ ಥರ. ಕೈಗವಸು, ಹಾಕ್ಕೊಳ್ಳೋಕೆ ಎಲ್ಲಾ ಬಟ್ಟೆ ರೆಡಿ ಇಟ್ಕೊಳ್ಳಿ, ಮೇಲೆ ಗಾಳಿ ಕೊಯ್ಯತ್ತೆ. ನೆತ್ತೀಲಿ 1909ರಲ್ಲಿ ಕಟ್ಟಿದ ಕಲ್ಲುಮನೆ ಇದೆ, ಸಿಡಿಲಿಗೆ ಅದು ರಕ್ಷಣೆ ಅಲ್ಲ, ಮೋಡ ಕಂಡ್ರೆ ಒಳಗೆ ಕೂರ್ಬೇಡಿ, ಇಳೀರಿ. ವಿಟ್ನಿ ಭಾಗದಲ್ಲಿ ಮಲಾನೂ ಕೊಟ್ಟಿರೋ ಚೀಲದಲ್ಲಿ ಹೊತ್ಕೊಂಡು ಕೆಳಗೆ ತರಬೇಕು, ಅದು ನಿಯಮ.

ಇಳಿಯೋ 11 ಮೈಲಿ ಮಂಡಿಗೆ ಇಡೀ ಟ್ರೇಲ್‌ನಲ್ಲೇ ಕಷ್ಟದ್ದು. ಕೆಲಸ ಮುಗೀತು ಅಂತ ಮನಸ್ಸು ಸಡಿಲ ಆಗಿರತ್ತೆ, ಎಡವೋದು ಆಗ್ಲೇ. ಗಂಟೆಗೊಂದು ಸಲ ಕೂರಿ. ಪೋರ್ಟಲ್‌ನಿಂದ ಲೋನ್ ಪೈನ್ ಊರಿಗೆ 13 ಮೈಲಿ ರಸ್ತೆ, ಅವತ್ತು ಒಬ್ರು ವಯಸ್ಸಾದ ದಂಪತಿ ಕಾರಲ್ಲಿ ಕರ್ಕೊಂಡು ಹೋದ್ರು. ಅಲ್ಲೊಂದು ರಾತ್ರಿ ರೂಮ್ ಮಾಡಿ ಉಳೀರಿ, ಅದೇ ದಿನ ಐದಾರು ಗಂಟೆ ಡ್ರೈವ್ ಮಾಡಿ ಮನೆಗೆ ಹೋಗೋ ಪ್ಲಾನ್ ಬೇಡ.

ಮನೆಗೆ ಬಂದ ಮೇಲೆ ಎರಡು ಮೂರು ವಾರ ಒಂಥರಾ ಖಾಲಿ ಖಾಲಿ ಇರತ್ತೆ, ಅದನ್ನ ಮುಂಚೇನೇ ತಿಳ್ಕೊಂಡಿರಿ. ನಂಗೆ ಗೋಡೆ ಒಳಗೆ ನಿದ್ದೆ ಬರ್ತಿರ್ಲಿಲ್ಲ, ಮೀಟಿಂಗಲ್ಲಿ ಜನ ಮಾತಾಡೋದು ತುಂಬಾ ಜೋರು ಅನ್ಸ್ತಿತ್ತು, ಸಂಜೆ ಕಾರಣ ಇಲ್ದೆ ಏರಿಯಾ ಪೂರ್ತಿ ಸುತ್ತಿ ಬರ್ತಿದ್ದೆ. ರಜೆ ಹಾಕುವಾಗ್ಲೇ ವಾಪಸ್ ಬಂದ ಮೇಲೂ ಎರಡು ದಿನ ಸೇರಿಸ್ಕೊಳ್ಳಿ, ಮೊದಲ ವಾರಾಂತ್ಯಕ್ಕೆ ಯಾವುದಾದ್ರೂ ಸಣ್ಣ ಬೆಟ್ಟ ಇಟ್ಕೊಳ್ಳಿ. ಮುಂದಿನ ವರ್ಷ ಅಮ್ಮ ಇಲ್ಲಿಗೆ ಬಂದಾಗ ಕ್ಯಾನಿಸ್ಟರ್ ಎತ್ತಿ ನೋಡಿ, ಮುಚ್ಚಳ ತೆಗೆಯೋದು ಹೇಗೆ ಅಂತ ಕೇಳಿ ಕಲ್ತ್ಕೊಂಡು, ಮೂಸಿ ನೋಡಿ, "ಇನ್ನೂ ಇಂಗಿನ ವಾಸ್ನೆ ಇದೆ" ಅಂದ್ಲು. ಆಮೇಲೆ ಆ ಹಾಳೆ ತೆಗೆದು ಕೊಟ್ಲು, ಊರಿಂದ ಮಡಚಿ ತಂದಿದ್ಲು. 19 ಟಿಕ್ ಇತ್ತು, ಮ್ಯೂರ್ ಪಾಸ್ ಸಾಲಿನ ಮುಂದೆ ಎರಡು.